ಪೈಸೆ ಮುಗಿತದೆ ಅಂತ ಮಕ್ಕಳಿಗೆ ತೋರ್ಸುದು ಹೇಗೆ: ಮೊದ್ಲು ಕತೆ, ಆಮೇಲೆ ಬೀಜದ ಬಾಟ್ಲಿ, ಕಡೆಗೆ ಫೋನು

ಕಳೆದ ವರ್ಷ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಯಲ್ಲಿ ಆದದ್ದು. ಮಗನಿಗೆ ಆಗ ಆರು ವರ್ಷ. ಅಂಗಡಿ ಎದುರು ನೇತು ಹಾಕಿದ ಪ್ಲಾಸ್ಟಿಕ್ ಜೆಸಿಬಿ ಬೇಕು ಅಂತ ಹಠ. ನಾನು "ಪೈಸೆ ಇಲ್ಲ ಮಗ" ಅಂದೆ. ಅವ ಅಳುದು ನಿಲ್ಲಿಸಿ ನನ್ನ ಮುಖ ನೋಡಿ "ಪೈಸೆ ಎಂತಕ್ಕಪ್ಪ, ಫೋನ್ ತೋರ್ಸಿದ್ರೆ ಆಯ್ತಲ್ಲ" ಅಂದ. ಅಂಗಡಿಯವ್ರು ನಕ್ಕು ಸುಸ್ತು. ನನಗೆ ನಗು ಬರ್ಲಿಲ್ಲ, ಯಾಕಂದ್ರೆ ಅವನ ಲೆಕ್ಕದಲ್ಲಿ ಅವ ಹೇಳಿದ್ದು ಸರಿಯೇ, ಹುಟ್ಟಿದಲ್ಲಿಂದ ಅವ ನೋಡಿದ್ದೇ ಅದು, ಅಪ್ಪ ಫೋನ್ ಹಿಡಿತಾನೆ, ಅಂಗಡಿಯ ಡಬ್ಬಿ ಮಾತಾಡ್ತದೆ, ಸಾಮಾನು ಕೈಗೆ ಬರ್ತದೆ, ಫೋನ್ ವಾಪಸ್ ಕಿಸೆಗೆ ಹೋಗ್ತದೆ. ಫೋನ್ ಚೂರೂ ಸಪೂರ ಆಗುದಿಲ್ಲ.

ನಾವು ಸಣ್ಣದಿರುವಾಗ ಅಪ್ಪನ ಅಂಗಿ ಕಿಸೆ ನೋಡಿದ್ರೆ ಗೊತ್ತಾಗ್ತಿತ್ತು. ಅಡಕೆ ಕೊಟ್ಟು ಬಂದ ದಿನ ಕಿಸೆ ಉಬ್ಬಿರ್ತಿತ್ತು, ಆ ದಿನ ಬೇಕರಿ ತಿಂಡಿ ಗ್ಯಾರಂಟಿ. ಅದೇ ಮಳೆಗಾಲದ ಮಧ್ಯದಲ್ಲಿ ಆ ಕಿಸೆಯಲ್ಲಿ ಬಸ್ ಟಿಕೆಟ್ ಚೂರು ಬಿಟ್ರೆ ಎಂತದೂ ಇರ್ತಿರ್ಲಿಲ್ಲ, ಆಗ ನಾವು ಕೇಳ್ಲಿಕ್ಕೇ ಹೋಗ್ತಿರ್ಲಿಲ್ಲ. ಯಾರೂ ಕೂರ್ಸಿ ಪಾಠ ಮಾಡಿದ್ದಲ್ಲ, ಕಣ್ಣಿಗೆ ಕಾಣ್ತಿತ್ತು ಅಷ್ಟೇ. ಈಗ ಕಾಣುದಿಲ್ಲ, ಹಾಗಾಗಿ ನಾವೇ ಕಾಣ್ಸಬೇಕು. ಹತ್ತು ವರ್ಷದ ಒಳಗಿನ ಮಕ್ಳಿಗೆ ಉಳಿತಾಯ, ಬಡ್ಡಿ, ಬಜೆಟ್ ಅಂತ ದೊಡ್ಡ ದೊಡ್ಡದು ಹೇಳ್ಲಿಕ್ಕೆ ಹೋಗುದಕ್ಕಿಂತ ಪೈಸೆ ಮುಗಿತದೆ ಅನ್ನುವ ಒಂದೇ ವಿಷಯ ತಲೆಗೆ ಹೋದ್ರೆ ಸಾಕು ಅಂತ ನನ್ನ ಅಭಿಪ್ರಾಯ. ನಾನು ಟೀಚರೂ ಅಲ್ಲ, ಬ್ಯಾಂಕಿನವನೂ ಅಲ್ಲ, ಸ್ವಲ್ಪ ತೋಟ ಮತ್ತು ಎರಡು ಮಕ್ಳು, ಮಗಳಿಗೆ ಹನ್ನೊಂದು ಮಗನಿಗೆ ಈಗ ಏಳು. ಮನೆಯಲ್ಲಿ ಮಾಡಿ ನೋಡಿದ್ದನ್ನು ಬರೀತಿದ್ದೇನೆ, ಕೆಲವು ಸರಿ ಆಯ್ತು, ಕೆಲವು ಮಗುಚಿ ಬಿತ್ತು.

ಮೊದ್ಲು ಕತೆ. ಆದ್ರೆ ನೀತಿ ಕತೆ ಬೇಡ, ನೀವು ಸೋತ ಕತೆ ಹೇಳಿ. ನಾನು ಹೇಳಿದ್ದು ಗೇರುಬೀಜದ್ದು. ನಮ್ಮ ಕಾಲದಲ್ಲಿ ಏಪ್ರಿಲ್ ರಜೆ ಅಂದ್ರೆ ಗುಡ್ಡೆ, ಬೆಳಗ್ಗೆ ಎದ್ದು ಹೋಗಿ ಬಿದ್ದ ಹಣ್ಣಿಂದ ಬೀಜ ತಿರುಪಿ ತೆಗೆದು ಚೀಲಕ್ಕೆ ಹಾಕುದು, ಬೆರಳೆಲ್ಲ ಸೊನೆ ತಾಗಿ ಚರ್ಮ ಎದ್ದು ಬರ್ತಿತ್ತು. ವಿಷು ಹಬ್ಬಕ್ಕೆ ಪಟಾಕಿ ತಗೊಳ್ಳಿಕ್ಕೆ ಅದೇ ನಮ್ಮ ಬಂಡವಾಳ. ಒಂದು ವರ್ಷ ನಾನು ತೂಕ ಜಾಸ್ತಿ ಬರ್ಲಿ ಅಂತ ಬೀಜವನ್ನು ರಾತ್ರಿ ಇಡೀ ನೀರಲ್ಲಿ ಹಾಕಿಟ್ಟೆ. ಅಂಗಡಿಯ ಅಜ್ಜ ಒಂದು ಮುಷ್ಟಿ ಬೀಜ ಕೈಗೆ ತಗೊಂಡು ಕಿವಿ ಹತ್ರ ಹಿಡಿದು ಕುಲುಕಿ ನೋಡಿ, ಎಂತದೂ ಹೇಳದೆ ಚೀಲ ವಾಪಸ್ ಕೊಟ್ರು, ಮೂರು ದಿನ ಬಿಸಿಲಿಗೆ ಹಾಕಿ ತಾ ಅಂದ್ರು. ಮೂರು ದಿನ ಒಣಗಿಸಿ ಕೊಟ್ಟೆ, ಪೈಸೆ ಬಂತು, ಎಲ್ಲದಕ್ಕೂ ಪಟಾಕಿ ತಂದೆ, ವಿಷುವಿನ ಹಿಂದಿನ ರಾತ್ರಿಯೇ ಎಲ್ಲ ಹೊಟ್ಟಿಸಿ ಮುಗ್ಸಿದೆ. ಬೆಳಗ್ಗೆ ಕಣಿ ನೋಡಿ ಹೊರಗೆ ಬಂದ್ರೆ ಪಕ್ಕದ ಮನೆ ಮಕ್ಳು ಹೊಟ್ಟಿಸ್ತಿದ್ದಾರೆ, ನಾನು ಜಗಲಿಯಲ್ಲಿ ಕೂತು ನೋಡ್ತಿದ್ದೇನೆ.

ಈ ಕತೆಯನ್ನು ಮಗ ಹತ್ತು ಸಲವಾದ್ರೂ ಕೇಳಿದ್ದಾನೆ. ಅಪ್ಪ ಗೆದ್ದ ಕತೆ ಒಂದು ಸಲ ಸಾಕು, ಅಪ್ಪ ಪೆಚ್ಚಾದ ಕತೆ ದಿನಾ ಬೇಕು ಮಕ್ಳಿಗೆ. ಹೇಳುವಾಗ ಒಂದು ಉಪಾಯ, ಪೈಸೆ ಕೈಗೆ ಬಂದ ಜಾಗದಲ್ಲಿ ನಿಲ್ಲಿಸಿ "ನೀನಾದ್ರೆ ಎಂತ ಮಾಡ್ತಿದ್ದೆ" ಅಂತ ಕೇಳಿ. ಅವ ಮೊದಲ ದಿನ "ಇನ್ನೂ ಜಾಸ್ತಿ ಪಟಾಕಿ" ಅಂದ. ನಾಲ್ಕನೇ ದಿನ "ಅರ್ಧ ಅಜ್ಜಿ ಹತ್ರ ಅಡಗಿಸಿ ಇಡ್ತಿದ್ದೆ" ಅಂದ. ನಾನು ಸರಿ ತಪ್ಪು ಎಂತದೂ ಹೇಳ್ಲಿಲ್ಲ, ಅವ ಹೇಳಿದ ಹಾಗೆ ಕತೆ ಮುಂದುವರ್ಸಿದೆ.

ಹಳೆ ಕತೆಗಳೂ ಆಗ್ತದೆ, ಸ್ವಲ್ಪ ತಿರುಗಿಸಿ ಹೇಳ್ಬೇಕು. ಸಾಲ ಅಂದ್ರೆ ಎಂತ ಅಂತ ಮಗಳು ಕೇಳಿದಾಗ ನಾನು ಪುಣ್ಯಕೋಟಿ ಕತೆ ಹೇಳಿದೆ. ಹುಲಿ ಅದನ್ನು ಬಿಟ್ಟದ್ದು ಯಾಕೆ? ಕರುವಿಗೆ ಹಾಲು ಕೊಟ್ಟು ವಾಪಸ್ ಬರ್ತೇನೆ ಅಂತ ಮಾತು ಕೊಟ್ಟದ್ದಕ್ಕೆ. ಸಾಲವೂ ಅಷ್ಟೇ, ವಾಪಸ್ ಬರ್ತದೆ ಅನ್ನುವ ಮಾತಿನ ಮೇಲೆ ಬಿಟ್ಟು ಕೊಡುದು. ಅವ್ಳು ಸ್ವಲ್ಪ ಯೋಚ್ನೆ ಮಾಡಿ "ಬಾರದೆ ಇದ್ದಿದ್ರೆ?" ಅಂದ್ಲು. ನಾನು ಹೇಳಿದೆ, ಮರುದಿನ ಬೇರೆ ಹಸು ಸಿಕ್ಕಿ ಅದೂ ಹಾಗೇ ಕೇಳಿದ್ರೆ ಹುಲಿ ಬಿಡ್ತಿತ್ತಾ ನೀನೇ ಹೇಳು ಅಂತ. ಸಾಲ ಕೊಡುವ ಮೊದ್ಲು ಬ್ಯಾಂಕ್ ನೋಡುವ ಸಿಬಿಲ್ ಸ್ಕೋರ್ ಅಂದ್ರೆ ಅದೇ ಅಲ್ವಾ ಮಾರಾಯ್ರೆ, ಬ್ಯಾಂಕಿನವ್ರು ಇಂಗ್ಲಿಷಲ್ಲಿ ಹೇಳ್ತಾರೆ ಅಷ್ಟೇ.

ಪುರಂದರದಾಸರ ಮೂಗುತಿ ಕತೆ ಹೇಳಿದ್ರೆ ಜಾಗ್ರತೆ, ಅದ್ರಲ್ಲಿ ಲೋಭ ಭಕ್ತಿ ಎಲ್ಲ ಬರ್ತದೆ ಅಂತ ನಾನು ಅಂದುಕೊಂಡ್ರೆ ನನ್ನ ಮಗಳು ಹಿಡಿದದ್ದು ಬೇರೆಯೇ, "ಮೂಗುತಿ ಯಾರದ್ದು, ಹೆಂಡತಿದಾ ಗಂಡಂದಾ?" ಅಂತ. ತವರಿಂದ ಬಂದದ್ದು, ಅವಳದ್ದೇ ಅಂದೆ. "ಮತ್ತೆ ಅವ್ಳು ಗಂಡನಿಗೆ ಹೆದರುದು ಯಾಕೆ?" ನಾನು ಅಡುಗೆ ಕೋಣೆ ಕಡೆ ನೋಡಿದೆ, ಅಲ್ಲಿಂದ ಎಂತ ಸಹಾಯವೂ ಬರ್ಲಿಲ್ಲ. ಇಂಥ ಪ್ರಶ್ನೆ ಬಂದ್ರೆ ಕತೆ ಅಲ್ಲಿಗೆ ನಿಲ್ಲಿಸಿ ಅದನ್ನೇ ಮಾತಾಡಿ, ಈ ಪೈಸೆ ಯಾರದ್ದು ಅನ್ನುದು ಪೈಸೆ ಎಷ್ಟು ಅನ್ನುದಕ್ಕಿಂತ ದೊಡ್ಡ ವಿಷಯ.

ಯಕ್ಷಗಾನಕ್ಕೆ ಕರ್ಕೊಂಡು ಹೋಗುವವ್ರಿಗೆ ಜೂಜಿನ ಪ್ರಸಂಗ ಇದ್ದೇ ಉಂಟಲ್ಲ. ಇನ್ನೊಂದು ಸಲ ಆಡಿದ್ರೆ ಹೋದದ್ದೆಲ್ಲ ವಾಪಸ್ ಬರ್ತದೆ ಅಂತ ಧರ್ಮರಾಯ ಕೂರ್ತಾನಲ್ಲ, ಫೋನಿನ ಗೇಮಲ್ಲಿ ಪೈಸೆ ಹಾಕುವವ್ರ ಕತೆಯೂ ಅದೇ ಅಂತ ಒಂದು ಮಾತು ಹೇಳಿದ್ರೆ ಸಾಕು, ಜಾಸ್ತಿ ಎಳಿಬೇಡಿ.

ಲಾಟರಿ ಬಗ್ಗೆ ಹೇಳದೆ ನಮ್ಮ ಊರಲ್ಲಿ ಆಗುದಿಲ್ಲ. ಗಡಿಯ ಆಚೆ ಕರ್ನಾಟಕದಲ್ಲಿ ಅದು ಇಲ್ಲ, ಇಲ್ಲಿ ಕೇರಳದಲ್ಲಿ 1967ರಿಂದ ಸರ್ಕಾರವೇ ನಡೆಸ್ತದೆ, ಬಸ್ ಸ್ಟ್ಯಾಂಡಲ್ಲಿ ಮೈಕ್ ಹಾಕಿ ಕರೀತಾರೆ, ಮಕ್ಳು ಕೇಳಿಯೇ ಕೇಳ್ತಾರೆ. ನಾವು ಮನೆಯಲ್ಲೇ ಒಂದು ಲಾಟರಿ ಮಾಡಿದೆವು. ಅಜ್ಜಿ ಸರ್ಕಾರ. ಉಳಿದ ನಾಲ್ಕು ಜನ ತಲಾ 5 ರೂಪಾಯಿ ಹಾಕುದು, ಒಟ್ಟು 20, ಚೀಟಿ ಎತ್ತಿ ಗೆದ್ದವ್ರಿಗೆ 12, ಅಜ್ಜಿಗೆ 8. ಮೊದಲ ಸುತ್ತು ಮಗ ಗೆದ್ದು ಕುಣಿದ. ಆರು ಸುತ್ತು ಆಗುವಾಗ ಅಜ್ಜಿ ಮಡಿಲಲ್ಲಿ 48 ರೂಪಾಯಿ, ನಾವು ನಾಲ್ಕು ಜನ ಹಾಕಿದ್ದು 120, ವಾಪಸ್ ಬಂದದ್ದು 72. ಮಗನೇ ಹೇಳಿದ, ನನಗೆ ಅಜ್ಜಿ ಆಗ್ಬೇಕು ಅಂತ.

ಮಕ್ಳ ಕತೆ ಪುಸ್ತಕ ಮನೆಯಲ್ಲಿ ಇಲ್ಲ ಅಂತಾದ್ರೆ ಫೋನಲ್ಲೇ ಸ್ಟೋರಿವೀವರ್ ಅಂತ ಉಂಟು, ಪ್ರಥಮ್ ಬುಕ್ಸ್‌ನವ್ರದ್ದು, ಕನ್ನಡ ಕತೆ ಫ್ರೀ ಆಗಿ ಓದ್ಬಹುದು, ಚಿತ್ರ ಚಂದ ಉಂಟು, ಸಂತೆ ಅಂಗಡಿ ಅಂತ ಹುಡುಕಿ ನೋಡಿ. ಅಜ್ಜ ಅಜ್ಜಿ ಇದ್ರೆ ಅವ್ರ ನಾಲ್ಕಾಣೆ ಎಂಟಾಣೆ ಕತೆಯನ್ನು ವಾಟ್ಸಾಪ್ ವಾಯ್ಸ್ ಆಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ರೂಪಾಯಿಗೆ 16 ಆಣೆ 64 ಪೈಸೆ ಅಂತ ಇದ್ದದ್ದು 1957ರ ಏಪ್ರಿಲ್‌ನಿಂದ 100 ನಯಾ ಪೈಸೆ ಆದದ್ದೆಲ್ಲ ಅವ್ರ ಬಾಯಲ್ಲೇ ಕೇಳ್ಬೇಕು. ಎಐ ಹತ್ರ ಕತೆ ಮಾಡಿಸಿ ನೋಡಿದೆ ನಾನು, ಗೇರುಬೀಜದ ಬದ್ಲು ನಿಂಬೆ ಶರಬತ್ತು ಮಾರುವ ಹುಡುಗಿ ಬಂದ್ಲು, ಅವ್ಳ ಭಾಷೆ ನಮ್ಮ ಮಕ್ಳಿಗೆ ಅರ್ಥ ಆಗ್ಲಿಲ್ಲ, ಬಿಟ್ಟೆ.

ಕತೆ ಆದ್ಮೇಲೆ ನಿಜವಾದ ನೋಟು, ಪಾವಲಿ (ನಾಣ್ಯ) ಕೈಗೆ ಕೊಡಿ. ನೋಟಿನ ಹಿಂದೆ ಭಾಷೆಗಳ ಪಟ್ಟಿ ಉಂಟಲ್ಲ, 15 ಭಾಷೆ, ಅದ್ರಲ್ಲಿ ಕನ್ನಡ ಹುಡುಕು ಅಂತ ಹೇಳಿ. ಮೇಲಿಂದ ನಾಲ್ಕನೇದು ಕನ್ನಡ, ಏಳನೇದು ಮಲಯಾಳ, ನಡುವೆ ಕೊಂಕಣಿಯೂ ಉಂಟು. ಕನ್ನಡ ಮೀಡಿಯಂಗೆ ಹೋಗಿ ರೋಡಲ್ಲಿ ಮಲಯಾಳ ಮಾತಾಡುವ ನಮ್ಮ ಮಕ್ಳಿಗೆ ಎರಡನ್ನೂ ಒಂದೇ ನೋಟಲ್ಲಿ ಕಂಡ್ರೆ ಭಾರಿ ಖುಷಿ. ತುಳು ಯಾಕಿಲ್ಲ ಅಂತ ಕೇಳ್ತಾರೆ, ಉತ್ತರ ರೆಡಿ ಇಟ್ಟುಕೊಳ್ಳಿ. 50ರ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ, 200ರಲ್ಲಿ ಸಾಂಚಿ, 500ರಲ್ಲಿ ಕೆಂಪುಕೋಟೆ, ಇದನ್ನು ನೋಡಿ ನೋಟು ಗುರ್ತ ಹಿಡಿಯುವ ಆಟ ನಾಲ್ಕೈದು ವರ್ಷದವ್ರಿಗೂ ಆಗ್ತದೆ.

ಈಗ ಮುಖ್ಯ ವಿಷಯ, ಬೀಜದ ಬಾಟ್ಲಿ. ಇದು ನನ್ನದೇ ಉಪಾಯ ಅಂತ ಹೆಮ್ಮೆ ಉಂಟು, ಬೇರೆ ಯಾರಾದ್ರೂ ಮೊದ್ಲೇ ಮಾಡಿರ್ಲೂಬಹುದು. ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಚೆನ್ನೆಮಣೆ ಅಂತ ಗುಳಿ ಇರುವ ಮರದ ಮಣೆಯಲ್ಲಿ ಆಡ್ತಾರಲ್ಲ, 14 ಗುಳಿ, ಗುಳಿಗೆ ನಾಲ್ಕರ ಹಾಗೆ 56 ಮಂಜೊಟ್ಟಿ ಅನ್ನುವ ಕೆಂಪು ಬೀಜ. ಆ 56 ಬೀಜವನ್ನು ತಿಂಗಳ ಒಂದನೇ ತಾರೀಕು ಒಂದು ಗಾಜಿನ ಬಾಟ್ಲಿಗೆ ಹಾಕಿದೆ, ಆರ್ಪಾರ್ ಕಾಣುವ ಬಾಟ್ಲಿಯೇ ಆಗ್ಬೇಕು, ಮಣ್ಣಿನ ಹುಂಡಿ ಆಗುದಿಲ್ಲ. ಒಂದು ಬೀಜ ಅಂದ್ರೆ 100 ರೂಪಾಯಿ, ಅಂದ್ರೆ 5600, ಜಿನಸು ತರಕಾರಿ ಮೀನು ಬೇಕರಿ ಅಂತ ಮಕ್ಳ ಕಣ್ಣೆದುರು ಆಗುವ ಖರ್ಚು. ಪೇಟೆಯಲ್ಲಿ ಸ್ಕ್ಯಾನ್ ಮಾಡಿದಾಗ ಅಂಗಡಿಯ ಡಬ್ಬಿ ಹೇಳುವ ಮೊತ್ತವನ್ನು ಮಗ ಕೇಳಿ ನೆನಪಿಟ್ಟುಕೊಳ್ಬೇಕು, ಮನೆಗೆ ಬಂದು ಅಷ್ಟು ಬೀಜ ಬಾಟ್ಲಿಯಿಂದ ತೆಗೆದು ಚೆನ್ನೆಮಣೆಯ ಗುಳಿಗೆ ಹಾಕ್ಬೇಕು. 100ಕ್ಕಿಂತ ಕಮ್ಮಿ ಇದ್ದದ್ದನ್ನು ಮಗಳು ಕ್ಯಾಲೆಂಡರ್ ಹಿಂದೆ ಬರೆದು, ಸೇರಿ 100 ಆದಾಗ ಒಂದು ಬೀಜ.

ಮೊದಲ ತಿಂಗಳು ಭಾರಿ ಉತ್ಸಾಹ. 19ನೇ ತಾರೀಕು ಬಾಟ್ಲಿ ಖಾಲಿ. ನಡುವೆ ಎರಡು ಸಲ ನೆಂಟ್ರು ಬಂದಿದ್ರು, ಒಂದು ಸಲ ನಾನೇ ಮಂಗಳೂರಿಗೆ ಹೋದವ ಏನೇನೋ ತಂದಿದ್ದೆ. ಮಗ ಬಾಟ್ಲಿ ತಲೆಕೆಳಗೆ ಹಿಡಿದು ಕುಲುಕಿ, ನಿಜವಾಗಿ ಹೆದ್ರಿ, "ಇನ್ನು ನಾವು ಎಂತ ತಿನ್ನುದು?" ಅಂದ. ಆ ಮುಖ ನೋಡಿ ನನಗೆ ಪಾಪ ಅನ್ಸಿತು. ಹೆದರ್ಸುದು ನಮ್ಮ ಉದ್ದೇಶ ಅಲ್ಲ, ಹಾಗಾಗಿ ಎರಡನೇ ತಿಂಗಳಿಂದ ಇನ್ನೊಂದು ಸಣ್ಣ ಬಾಟ್ಲಿಯಲ್ಲಿ 10 ಬೀಜ ಬೇರೆ ಇಟ್ಟೆ, ಅದು ಕಷ್ಟಕ್ಕೆ ಅಂತ, ಮುಟ್ಟುವ ಮೊದ್ಲು ಎಲ್ರೂ ಕೂತು ಮಾತಾಡ್ಬೇಕು. ಸಣ್ಣ ಮಕ್ಳ ಮನೆಯಲ್ಲಿ ಈ ಎರಡನೇ ಬಾಟ್ಲಿ ಇಲ್ಲದೆ ಮೊದಲನೇದು ಶುರು ಮಾಡ್ಲೇಬೇಡಿ. ಮೂರನೇ ತಿಂಗಳು ಮಗ ಬೇಕರಿ ಎದುರು ನಿಂತು "ಇವತ್ತು ಬೇಡಪ್ಪ, ಬಾಟ್ಲಿ ಅರ್ಧ ಆಗಿದೆ" ಅಂದ, ಆ ದಿನ ನನಗೇ ಪಫ್ಸ್ ತಿನ್ಬೇಕು ಅಂತ ಆಸೆ ಇತ್ತು, ಎಂತ ಮಾಡುದು. ಆಟಿ ಬಂದಾಗ ಚೆನ್ನೆ ಆಡ್ಲಿಕ್ಕೆ ಬೀಜ ಇಲ್ಲ ಅಂತ ಅಜ್ಜಿಯ ಗಲಾಟೆ ಬೇರೆ, ಗುಡ್ಡೆಗೆ ಹೋಗಿ ಬೇರೆ ಮಂಜೊಟ್ಟಿ ಹೆಕ್ಕಿ ತಂದೆವು.

ಮಕ್ಳ ಸ್ವಂತ ಪೈಸೆಗೆ ಬೇರೆ ಬಾಟ್ಲಿ. ಖರ್ಚಿಗೆ ಒಂದು, ಉಳಿಸ್ಲಿಕ್ಕೆ ಒಂದು, ದಾನಕ್ಕೆ ಒಂದು ಅಂತ ಮೂರು ಡಬ್ಬಿ ಮಾಡಿ ಅಂತ ಎಲ್ಲ ಕಡೆ ಹೇಳ್ತಾರೆ, ನಮ್ಮಲ್ಲಿ ಮೂರು ನಿಲ್ಲಲಿಲ್ಲ. ಈಗ ಬೇಕಾದ್ದು, ಆಮೇಲೆ ಬೇಕಾದ್ದು ಅಂತ ಎರಡೇ ಸಾಕು. ಆಮೇಲೆ ಅನ್ನುದಕ್ಕೆ ಒಂದು ದಿನ ಇರ್ಬೇಕು, ಸುಮ್ನೆ ಉಳ್ಸು ಅಂದ್ರೆ ಯಾರು ಉಳಿಸ್ತಾರೆ. ನಮ್ಮ ಮಕ್ಳಿಗೆ ಅದು ಜನವರಿಯ ಕುಂಬಳೆ ಬೆಡಿ, ಅಂದ್ರೆ ಅಲ್ಲಿಯ ದೇವಸ್ಥಾನದ ಜಾತ್ರೆಯ ಸಿಡಿಮದ್ದು, ಸಂತೆ ಅಂಗಡಿ ಬರ್ತದಲ್ಲ. ವಿಷುವಿಗೆ ಹಿರಿಯರು ಕೈಗೆ ಕೊಡುವ ಪೈಸೆ, ಮಲಯಾಳದವ್ರು ಕೈನೀಟ್ಟಂ ಅಂತಾರಲ್ಲ, ಅದನ್ನು ಅಮ್ಮ ತೆಗ್ದಿಟ್ಟುಕೊಂಡು ಮಾಯ ಮಾಡುವ ಅಭ್ಯಾಸ ಎಲ್ಲ ಮನೆಯಲ್ಲೂ ಉಂಟು, ನಮ್ಮಲ್ಲೂ ಇತ್ತು. ದಯವಿಟ್ಟು ಅದನ್ನು ಬಿಡಿ, ಬೇಕಾದ್ರೆ ಸಾಲ ಅಂತ ಬರೆದು ತಗೊಳ್ಳಿ, ವಾಪಸ್ ಕೊಡಿ, ಪುಣ್ಯಕೋಟಿ ಕತೆ ಹೇಳಿದ ಬಾಯಲ್ಲೇ ಮಗುವಿನ ಪೈಸೆ ನುಂಗ್ಬಾರ್ದು.

ಕೆಲ್ಸಕ್ಕೆ ಕೂಲಿ ಕೊಡುದಾ ಬೇಡ್ವಾ ಅಂತ ಜಗಳ ಮನೆಮನೆಯಲ್ಲೂ ಉಂಟು. ತಟ್ಟೆ ತೊಳೆದದ್ದಕ್ಕೆ, ಹಾಸಿಗೆ ಮಡಚಿದ್ದಕ್ಕೆ ನಾನು ಕೊಡುದಿಲ್ಲ. ತೋಟದಲ್ಲಿ ಬಿದ್ದ ಅಡಕೆ ಹೆಕ್ಕಿದ್ದಕ್ಕೆ ಕೊಡ್ತೇನೆ, ಯಾಕಂದ್ರೆ ಬೇರೆಯವ್ರು ಹೆಕ್ಕಿದ್ರೂ ಕೊಡ್ಬೇಕಲ್ಲ. ಅಡಕೆ ಸುಲಿದು ವಿಂಗಡ ಮಾಡುವಾಗ ಮಕ್ಳನ್ನು ಪಕ್ಕ ಕೂರ್ಸಿ, ಒಳ್ಳೆದು ಬೇರೆ, ಕಮ್ಮಿ ದರ್ಜೆಯ ಪಟೋರ ಬೇರೆ, ಕರಿಗೋಟು ಬೇರೆ, ಒಂದೇ ಮರದ್ದಾದ್ರೂ ರೇಟು ಬೇರೆ ಬೇರೆ ಯಾಕೆ ಅಂತ ಅಲ್ಲೇ ಗೊತ್ತಾಗ್ತದೆ. ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಪೆಟ್ರೋಲ್ ಹಾಕುವಾಗ ಮಗಳು ಕೇಳಿದ್ಲು ಇಲ್ಲಿ ಕಮ್ಮಿ ಯಾಕೆ ಅಂತ, ಟ್ಯಾಕ್ಸ್ ಬಗ್ಗೆ ಹೇಳ್ಲಿಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಇಷ್ಟಾದ್ಮೇಲೆ ಫೋನು. ಭಾನುವಾರ ಸಂಜೆ ನನ್ನ ಪೇಮೆಂಟ್ ಆ್ಯಪಿನ ಹಿಸ್ಟರಿ ತೆಗ್ದು ಮಗಳ ಹತ್ರ ಓದಿಸ್ತೇನೆ, ವಾರದ್ದೆಲ್ಲ, ನನಗೇ ನಾಚಿಕೆ ಆಗುವ ಎಂಟ್ರಿ ಇದ್ರೂ ಸರಿ. ದುಬೈಯಲ್ಲಿರುವ ಮಾವನನ್ನು ಸೇರ್ಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದೇವೆ, ಅದೇ ಮಕ್ಳ ಪಾಸ್‌ಬುಕ್, ಬಾಟ್ಲಿಗೆ ಹಾಕಿದ್ದು ತೆಗೆದದ್ದು ಎರಡನ್ನೂ ಅಲ್ಲಿ ಬರೀಬೇಕು, ಮಾವ ರಾತ್ರಿ ಕೆಲ್ಸ ಮುಗ್ಸಿ ಬಂದು ನೋಡಿ ಒಂದು ಲೆಕ್ಕ ಕೇಳ್ತಾನೆ. ಒಂದು ದಿರ್ಹಮಿಗೆ ಇವತ್ತು ಎಷ್ಟು ರೂಪಾಯಿ ಅಂತ ಹುಡುಕುದು ಮಗಳಿಗೆ ಈಗ ಚಟ ಆಗಿದೆ.

ಯುಪಿಐ ಪಿನ್ ಬಗ್ಗೆ ಮಾತ್ರ ಸಣ್ಣದಿರುವಾಗ್ಲೇ ಹೇಳಿ. ನಾನು ಹೇಳಿದ್ದು ದೇವಸ್ಥಾನದ ಕಾಣಿಕೆ ಡಬ್ಬಿ ತೋರ್ಸಿ. ಡಬ್ಬಿಗೆ ಪೈಸೆ ಹಾಕ್ಲಿಕ್ಕೆ ಬೀಗದ ಕೈ ಬೇಕಾ? ಬೇಡ. ತೆಗಿಲಿಕ್ಕೆ ಬೇಕು. ಪಿನ್ ಅಂದ್ರೆ ಬೀಗದ ಕೈ. ಹಾಗಾದ್ರೆ ನಿಮ್ಗೆ ಪೈಸೆ ಹಾಕ್ತೇನೆ ಪಿನ್ ಒತ್ತಿ ಅಂತ ಯಾರಾದ್ರೂ ಹೇಳಿದ್ರೆ? "ಕಳ್ಳ" ಅಂತ ಇಬ್ರೂ ಒಟ್ಟಿಗೆ ಕಿರುಚಿದ್ರು, ಅರ್ಚಕರು ತಿರುಗಿ ನೋಡಿದ್ರು. ಅಪ್ಪಿ ತಪ್ಪಿ ಪೈಸೆ ಹೋದ್ರೆ ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಬೇಕು ಅನ್ನುದನ್ನೂ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದೇವೆ, ಅದು ಮಕ್ಳಿಗಿಂತ ಜಾಸ್ತಿ ಅಜ್ಜನಿಗೆ.

ಗೇಮ್ ಆಡ್ಲಿಕ್ಕೆ ಫೋನ್ ಕೊಡುವವ್ರು ಪ್ಲೇಸ್ಟೋರ್ ಸೆಟ್ಟಿಂಗಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇವತ್ತೇ ಮಾಡಿ. ನನ್ನ ತಂಗಿಯ ಮಗ ಒಂದು ಗೇಮಲ್ಲಿ ವಜ್ರ ಅಂತ ಎಂತದೋ ಒತ್ತಿ 799 ರೂಪಾಯಿ ಹೋಯ್ತು, ಮಗುವಿಗೆ ನಾಲ್ಕು ಬೈದ್ರು, ಆದ್ರೆ ಕಾರ್ಡ್ ಸೇವ್ ಮಾಡಿ ಪಾಸ್‌ವರ್ಡ್ ತೆಗೆದಿಟ್ಟದ್ದು ಭಾವ.

ಹತ್ತು ತುಂಬಿದ್ಮೇಲೆ ಅಕೌಂಟ್. ರಿಸರ್ವ್ ಬ್ಯಾಂಕ್ 2025 ಏಪ್ರಿಲ್‌ನಲ್ಲಿ ಒಂದು ಸುತ್ತೋಲೆ ಮಾಡಿದೆ, 10 ವರ್ಷ ದಾಟಿದ ಮಕ್ಳು ತಮ್ಮ ಸೇವಿಂಗ್ಸ್ ಅಕೌಂಟನ್ನು ತಾವೇ ತೆರೆದು ನಡೆಸ್ಬಹುದು, ಮಿತಿ ಎಷ್ಟು, ಎಟಿಎಂ ಕಾರ್ಡ್ ಕೊಡುದಾ ಬೇಡ್ವಾ ಅನ್ನುದು ಆಯಾ ಬ್ಯಾಂಕಿಗೆ ಬಿಟ್ಟದ್ದು, ಇದ್ದದ್ದಕ್ಕಿಂತ ಜಾಸ್ತಿ ತೆಗೀಲಿಕ್ಕೆ ಮಾತ್ರ ಆಗ್ಬಾರ್ದು. ಅದಕ್ಕಿಂತ ಸಣ್ಣ ಮಕ್ಳಿಗೆ ಅಪ್ಪ ಅಮ್ಮನ ಮೂಲಕ. ನಾವು ಮಗಳಿಗೆ ಪೋಸ್ಟಾಫೀಸಲ್ಲಿ ಮಾಡಿದೆವು, ಕಮ್ಮಿಯಲ್ಲಿ 500 ಹಾಕ್ಬೇಕು, ಬಡ್ಡಿ ವರ್ಷಕ್ಕೆ ನೂರಕ್ಕೆ 4. ಅವ್ಳು ಅಲ್ಲೇ ಕೌಂಟರ್ ಎದುರು ಲೆಕ್ಕ ಹಾಕಿ "ವರ್ಷ ಇಡೀ ಇಟ್ರೆ 20 ರೂಪಾಯಿ, ಇಷ್ಟೇಯಾ?" ಅಂದ್ಲು. ಒಳಗಿದ್ದವ್ರು ಮುಗುಳ್ನಕ್ಕು ಸೀಲ್ ಒತ್ತಿದ್ರು. ಬಡ್ಡಿ ಬಗ್ಗೆ ಮನೆಯಲ್ಲಿ ಆಸೆ ಹುಟ್ಟಿಸ್ಬೇಕು ಅಂತ ನಾನು ತಿಂಗಳಿಗೆ 50ಕ್ಕೆ 5 ಕೊಡ್ತಿದ್ದೆ, ಅದು ನನ್ನ ತಪ್ಪು, ಸರ್ಕಾರದ ಬಡ್ಡಿ ಈಗ ಅವ್ಳಿಗೆ ಮೋಸದ ಹಾಗೆ ಕಾಣ್ತದೆ.

ಯುಪಿಐ ಸರ್ಕಲ್ ಅಂತ 2024ರಲ್ಲಿ ಬಂದಿದೆ, ನಮ್ಮ ಅಕೌಂಟಿಂದ ಮನೆಯ ಇನ್ನೊಬ್ರು ಅವ್ರ ಫೋನಲ್ಲಿ ಪೇ ಮಾಡ್ಬಹುದು. ಪೂರ್ತಿ ಬಿಟ್ಟು ಕೊಟ್ರೆ ಒಂದು ಸಲಕ್ಕೆ 5,000, ತಿಂಗಳಿಗೆ 15,000ದವರೆಗೆ. ಇಲ್ಲದಿದ್ರೆ ಪ್ರತಿ ಸಲ ನಮ್ಮ ಒಪ್ಪಿಗೆ ಕೇಳುವ ಹಾಗೆ ಇಡ್ಬಹುದು. ಸಣ್ಣವ್ರಿಗೆ ಅದು ಬೇಡವೇ ಬೇಡ, ಸ್ವಂತ ಫೋನ್ ಬರುವ ವಯಸ್ಸಾದ್ಮೇಲೆ ಬೇಕಾದ್ರೆ ಎರಡನೇ ಕ್ರಮ.

ಈ ಜನವರಿ ಬೆಡಿಗೆ ಮಗನ ಬಾಟ್ಲಿಯಲ್ಲಿ 180 ರೂಪಾಯಿ ಇತ್ತು, ಎಲ್ಲ ಪಾವಲಿ, ಕಿಸೆ ಚಡ್ಡಿಯನ್ನೇ ಕೆಳಗೆ ಎಳೀತಿತ್ತು. ಜೆಸಿಬಿ ಇತ್ತು ಅಲ್ಲಿ, 150. ಕೈಗೆ ತಗೊಂಡು ಚಕ್ರ ತಿರುಗ್ಸಿ ನೋಡಿ ಕೆಳಗಿಟ್ಟ, ಇನ್ನೊಂದು ಅಂಗಡಿಗೆ ಹೋಗಿ ಬಂದ, ಮತ್ತೆ ತಗೊಂಡ, ಮತ್ತೆ ಇಟ್ಟ. ಕಡೆಗೆ ಚುರುಮುರಿ ತಿಂದು, ಒಂದು ಪೀಪಿ ತಗೊಂಡು, ಅಕ್ಕನಿಗೆ ಒಂದು ಐಸ್‌ಕ್ಯಾಂಡಿ ಕೊಡಿಸಿ 90 ಉಳಿಸ್ಕೊಂಡ. ಮನೆಗೆ ಬರುವಾಗ ಬೈಕ್ ಟ್ಯಾಂಕ್ ಮೇಲೆ ಕೂತು ಅರ್ಧ ನಿದ್ದೆಯಲ್ಲಿ ಕೇಳಿದ, "ಅಪ್ಪ, ನಿನ್ನ ಫೋನಲ್ಲಿ ಈಗ ಎಷ್ಟು ಬೀಜ ಉಂಟು?"